ಮುಪ್ಪಿನ ನಿಶ್ಶಕ್ತಿಗೆ ಲೆಕ್ಕ ಇಡುವವರು ಯಾರು?

ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ‘ಆಯುಷ್ಮಾನ್ ಭಾರತ್’ ಆರೋಗ್ಯ ವಿಮೆಯನ್ನು 70 ವರ್ಷ ದಾಟಿದ ಎಲ್ಲರಿಗೂ, ಆದಾಯದ ಮಿತಿ ನೋಡದೆ, ವಿಸ್ತರಿಸಿತು. ಕುಟುಂಬವೊಂದಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಇದರ ವ್ಯಾಪ್ತಿಗೆ ಬರುತ್ತದೆ. ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಈ ವಿಮೆಯ ತರ್ಕವನ್ನು ತುಸು ಹತ್ತಿರದಿಂದ ನೋಡಿದರೆ ಒಂದು ವೈಚಿತ್ರ್ಯ ಕಾಣುತ್ತದೆ. ಬಚ್ಚಲುಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಅಜ್ಜಿಯ ಶಸ್ತ್ರಚಿಕಿತ್ಸೆಗೆ ಹಣವುಂಟು. ಬೀಳುವುದಕ್ಕೆ ಐದು ವರ್ಷ ಮೊದಲೇ ಆಕೆಯ ಕಾಲಿನ ಬಲ ಎಷ್ಟು ಕುಂದಿದೆಯೆಂದು ಅಳೆದು, ಅದನ್ನು ಮರಳಿ ಗಳಿಸುವ ದಾರಿ ತೋರಿಸುವ ಕೆಲಸಕ್ಕೆ ಅದರಲ್ಲಿ ಎಡೆಯಿಲ್ಲ.

ಬಿನ್ನಿಪೇಟೆಯಂಥ ಬಡಾವಣೆಯಲ್ಲಿ ಇದು ಬರಿಯ ತಾತ್ವಿಕ ಪ್ರಶ್ನೆಯಲ್ಲ. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಮುಂದೆ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಈ ಬಡಾವಣೆಗೆ ಹೆಸರನ್ನೂ, ಹಲವು ತಲೆಮಾರಿನ ಕಾರ್ಮಿಕರಿಗೆ ಅನ್ನವನ್ನೂ ಕೊಟ್ಟಿತು. ಇಂದು ಗಿರಣಿಯ ನೆಲದಲ್ಲಿ ಎತ್ತರದ ವಸತಿ ಸಮುಚ್ಚಯಗಳು ನಿಂತಿವೆ. ಮಗ್ಗದ ಮುಂದೆ ದಿನವಿಡೀ ನಿಂತವರು, ನೂಲಿನ ಹೊರೆ ಹೊತ್ತವರು ಅಕ್ಕಪಕ್ಕದ ಓಣಿಗಳಲ್ಲಿ ಮುದುಕರಾಗಿದ್ದಾರೆ. ಈ ಭಾಗದಲ್ಲಿ ಬಹುಕಾಲದಿಂದ ಓಡಾಡುತ್ತಿರುವ ನಾನು ಅವರಲ್ಲಿ ಹಲವರ ಮಾತು ಕೇಳಿದ್ದೇನೆ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿವೆ, ಎದೆನೋವಿಲ್ಲ, ಕೆಮ್ಮಿಲ್ಲ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಬೆಟ್ಟದಂತೆ ಕಾಣುತ್ತದೆ. ನೆಲದ ಮೇಲೆ ಕುಳಿತರೆ ಏಳಲು ಯಾರಾದರೂ ಕೈ ಹಿಡಿಯಬೇಕು. ‘ಕಾಲಲ್ಲಿ ಕಸುವೇ ಇಲ್ಲ ಸ್ವಾಮಿ’ ಎಂದು ಹೇಳಿಕೊಂಡರೆ ಚಿಕಿತ್ಸಾಲಯದಲ್ಲಿ ಸಿಗುವ ಉತ್ತರ ಒಂದೇ: ‘ವಯಸ್ಸಾಯಿತಲ್ಲ ಯಜಮಾನ್ರೇ’. ನಮ್ಮ ಪತ್ರಿಕೆಗಳ ನಿಧನ ವಾರ್ತೆಗಳಿಗೂ ‘ವಯೋಸಹಜ’ ಎಂಬ ವಿಶೇಷಣ ಬಹಳ ಪ್ರಿಯ. ಆ ಒಂದು ಪದದೊಳಗೆ ಎಷ್ಟು ಸಹಜತೆ ಇದೆ, ಎಷ್ಟು ನಮ್ಮ ಔದಾಸೀನ್ಯ ಇದೆ?

ಈ ನಿಶ್ಶಕ್ತಿಗೆ ವೈದ್ಯವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ ತಡವಾಗಿ. ಅಮೆರಿಕದ ಪೋಷಣಾ ವಿಜ್ಞಾನಿ ಅರ್ವಿನ್ ರೋಸೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ, ಮಾಂಸ ಮತ್ತು ಕೊರತೆ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಇದನ್ನು ‘ಸಾರ್ಕೊಪೀನಿಯಾ’ ಎಂದು ಕರೆದರು. ಅಮೆರಿಕದಲ್ಲಿ ಬಳಸುವ ರೋಗಗಳ ವರ್ಗೀಕರಣದಲ್ಲಿ ಅದಕ್ಕೊಂದು ಪ್ರತ್ಯೇಕ ಸಂಕೇತಸಂಖ್ಯೆ ದೊರೆತದ್ದು 2016ರಲ್ಲಿ. ಕನ್ನಡದಲ್ಲಿ ‘ಸ್ನಾಯುಕ್ಷಯ’ ಎನ್ನಬಹುದು. ಕ್ಷಯ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಬೇರೆಯೇ ರೋಗ ಎಂಬ ತೊಡಕು ಇದ್ದೇ ಇದೆ. ಹೆಸರು ಮುಖ್ಯವೇ ಎಂದು ಕೇಳುವವರಿದ್ದಾರೆ. ಸರ್ಕಾರಿ ವ್ಯವಸ್ಥೆಯನ್ನು ಬಲ್ಲವರು ಹಾಗೆ ಕೇಳಲಾರರು. ಹೆಸರಿಲ್ಲದ ರೋಗಕ್ಕೆ ಕಡತವಿಲ್ಲ, ಕಡತವಿಲ್ಲದ್ದಕ್ಕೆ ಅನುದಾನವಿಲ್ಲ.

‘ವಯಸ್ಸಾಯಿತು’ ಎಂಬ ಮಾತಿನ ಒಳಗನ್ನು ತೆರೆದು ತೋರಿಸಿದ್ದು ಅಕ್ಕಿಕಾಳಿನಷ್ಟು ಮಾಂಸ. ತೊಡೆಯ ಹೊರಬದಿಯ ಸ್ನಾಯುವಿನ ಮೇಲೆ ಚರ್ಮಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದದ ಗಾಯ ಮಾಡಿ, ಟೊಳ್ಳು ಸೂಜಿಯಿಂದ ಒಂದು ತುಣುಕನ್ನು ಕತ್ತರಿಸಿ ತೆಗೆಯುತ್ತಾರೆ. ಫ್ರಾನ್ಸಿನ ವೈದ್ಯ ಡುಶೆನ್ 1860ರ ದಶಕದಲ್ಲೇ ಇಂಥದೊಂದು ಸೂಜಿಯನ್ನು ರೂಪಿಸಿದ್ದ. ಅದು ಮೂಲೆಗುಂಪಾಗಿ, ಸ್ವೀಡನ್ನಿನ ಜೋನಾಸ್ ಬರ್ಗ್‌ಸ್ಟ್ರಾಮ್ 1962ರಲ್ಲಿ ಅದಕ್ಕೆ ಹೊಸ ಜೀವ ಕೊಟ್ಟ ಮೇಲೆ ಸಂಶೋಧನೆಯಲ್ಲಿ ಬಳಕೆಗೆ ಬಂತು. ನಮ್ಮಲ್ಲಿ ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದೇ ಅರ್ಥ; ಆ ಪದ ಕೇಳಿದ ಕೂಡಲೇ ಮನೆಯಲ್ಲಿ ಪಿಸುಮಾತು ಶುರುವಾಗುತ್ತದೆ. ಇಲ್ಲಿ ಹುಡುಕುವುದು ಗಡ್ಡೆಯನ್ನಲ್ಲ. ತುಣುಕನ್ನು ತಕ್ಷಣ ಅತಿಶೀತದಲ್ಲಿ ಗಟ್ಟಿಮಾಡಿ, ತೆಳುವಾದ ಪದರಗಳಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಎಳೆಗಳನ್ನು ಎಣಿಸುತ್ತಾರೆ.

ನೇಯ್ಗೆಯ ಬಡಾವಣೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಸ್ನಾಯು ಎಂಬುದು ನೂಲಿನ ಕಂತೆ. ಅದರಲ್ಲಿ ಸ್ಥೂಲವಾಗಿ ಎರಡು ಬಗೆಯ ಎಳೆಗಳುಂಟು. ನಿಧಾನವಾಗಿ, ದಣಿಯದೆ ದುಡಿಯುವ ಎಳೆ ಒಂದು. ಥಟ್ಟನೆ ಬಲ ಕೊಟ್ಟು ಬೇಗ ದಣಿಯುವ ಎಳೆ ಇನ್ನೊಂದು. ಯುವಕನ ತೊಡೆಯ ತುಣುಕಿಗೆ ಬಣ್ಣ ಹಾಕಿದರೆ ಎರಡೂ ಚದುರಂಗದ ಮಣೆಯಂತೆ ಬೆರೆತಿರುತ್ತವೆ. ಮುದುಕರಲ್ಲಿ ಮಣೆ ಕೆಡುತ್ತದೆ. ಒಂದೇ ಬಗೆಯ ಎಳೆಗಳು ಗುಂಪುಗುಂಪಾಗಿ ಕೂಡಿಕೊಳ್ಳುತ್ತವೆ. ಕಾರಣ ಇರುವುದು ಬೆನ್ನುಹುರಿಯಲ್ಲಿ. ಅಲ್ಲಿನ ಒಂದೊಂದು ನರಕೋಶ ನೂರಾರು ಎಳೆಗಳನ್ನು ನಡೆಸುತ್ತದೆ. ವಯಸ್ಸಾದಂತೆ ಕೆಲವು ನರಕೋಶಗಳು ಸಾಯುತ್ತವೆ. ದಿಕ್ಕಿಲ್ಲದಾದ ಎಳೆಗಳನ್ನು ನೆರೆಯ ನರಕೋಶ ದತ್ತು ತೆಗೆದುಕೊಂಡು ತನ್ನ ಗುಣಕ್ಕೆ ತಿರುಗಿಸಿಕೊಳ್ಳುತ್ತದೆ. ದತ್ತು ಸಿಗದವು ಕ್ಷೀಣಿಸಿ ಇಲ್ಲವಾಗುತ್ತವೆ. ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರಾಗಿದ್ದು ಮೃತಪಟ್ಟ 15ರಿಂದ 83 ವರ್ಷದ 43 ಗಂಡಸರ ಇಡೀ ತೊಡೆಯ ಸ್ನಾಯುವನ್ನೇ ಅಡ್ಡಕ್ಕೆ ಸೀಳಿ ಪರಿಶೀಲಿಸಿದ್ದರು. ಎಂಬತ್ತರ ಹೊತ್ತಿಗೆ ಸ್ನಾಯುವಿನ ಗಾತ್ರ ಶೇ 40ರಷ್ಟು ಕುಗ್ಗಿತ್ತು. ಮುಖ್ಯ ಕಾರಣ ಎಳೆಗಳ ಸಂಖ್ಯೆಯೇ ಇಳಿದದ್ದು. ಜೊತೆಗೆ, ಉಳಿದವುಗಳ ಪೈಕಿ ವೇಗದ ಎಳೆಗಳು ಸಣಕಲಾಗಿದ್ದವು.

ವೇಗದ ಎಳೆ ಸಣಕಲಾಗುವುದರ ಅರ್ಥವನ್ನು ಬೆಂಗಳೂರಿನ ಪಾದಚಾರಿ ಮಾರ್ಗದಲ್ಲಿ ನಡೆದವರು ಬೇಗ ಗ್ರಹಿಸಬಲ್ಲರು. ಎದ್ದ ಚಪ್ಪಡಿಗೆ ಕಾಲು ತಗುಲಿದಾಗ ಅರೆಕ್ಷಣದಲ್ಲಿ ಇನ್ನೊಂದು ಕಾಲನ್ನು ಮುಂದಿಟ್ಟು ದೇಹವನ್ನು ಹಿಡಿದು ನಿಲ್ಲಿಸುವುದು ಈ ಎಳೆಗಳೇ. ಅವು ಸೊರಗಿದವರು ಎಡವುವುದಿಲ್ಲ, ಬೀಳುತ್ತಾರೆ. ಮುಂಜಾನೆ ಉದ್ಯಾನದಲ್ಲಿ ನಾಲ್ಕು ಸುತ್ತು ಹಾಕಿ ‘ನನ್ನ ಪಾಲಿನ ವ್ಯಾಯಾಮ ಮುಗಿಯಿತು’ ಎಂದು ನೆಮ್ಮದಿ ಪಡುವ ನಮ್ಮಂಥ ಮಧ್ಯಮ ವರ್ಗದವರೂ ಇದನ್ನು ಗಮನಿಸಬೇಕು. ನಡಿಗೆ ಹೃದಯಕ್ಕೆ ಒಳ್ಳೆಯದು. ಆದರೆ ಸಮತಟ್ಟಾದ ಹಾದಿಯ ಮೆಲುನಡಿಗೆ ಮುಖ್ಯವಾಗಿ ದುಡಿಸಿಕೊಳ್ಳುವುದು ನಿಧಾನದ ಎಳೆಗಳನ್ನು. ವೇಗದ ಎಳೆಗಳನ್ನು ಎಚ್ಚರಿಸಲು ಭಾರ ಬೇಕು, ಪ್ರತಿರೋಧ ಬೇಕು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಾಗ ಹಿರಿಯರನ್ನು ಹೊರಗಿಟ್ಟು ಹೇಳಲಿಲ್ಲ. 65 ದಾಟಿದವರಿಗೆ ಸಮತೋಲನದ ಅಭ್ಯಾಸವನ್ನೂ ಸೇರಿಸಿತು.

ಸತ್ತ ನರಕೋಶ ಮರಳುವುದಿಲ್ಲ, ನಿಜ. ಆದರೆ ಸೊರಗಿದ ಎಳೆ ದಪ್ಪವಾಗಬಲ್ಲದು, ತೊಂಬತ್ತರಲ್ಲೂ. ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರದ ಹತ್ತು ಮಂದಿಗೆ, ಎಲ್ಲರೂ ತೊಂಬತ್ತರ ಆಸುಪಾಸಿನವರು, ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟರು. ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಇದು 1990ರ ವರದಿ. ಅದೇ ತಂಡ 1994ರಲ್ಲಿ ನೂರು ಮಂದಿಯ ಮೇಲೆ ನಡೆಸಿದ ದೊಡ್ಡ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ವ್ಯಾಯಾಮವಿಲ್ಲದೆ ಕೇವಲ ಪೌಷ್ಟಿಕ ಪೇಯ ಕೊಟ್ಟವರಲ್ಲಿ ದುರ್ಬಲತೆ ಕಡಿಮೆಯಾಗಲಿಲ್ಲ. ಔಷಧದಂಗಡಿಯಲ್ಲಿ ‘ಹಿರಿಯರಿಗಾಗಿ’ ಎಂದು ಬರೆದ ಡಬ್ಬಿಯನ್ನು ಕೊಂಡುತಂದು ಕರ್ತವ್ಯ ಮುಗಿಸುವ ಮಕ್ಕಳು ಇದನ್ನು ಓದಬೇಕು.

ಪ್ರೀತಿಯಿಂದಲೇ ನಾವು ಮಾಡುವ ಇನ್ನೊಂದು ಅಪಕಾರವೂ ಇದೆ. ‘ನೀವು ಕೂತಿರಿ ಅಪ್ಪಾ, ನಾವು ಮಾಡುತ್ತೇವೆ’ ಎಂದು ಹಿರಿಯರ ಕೈಯಿಂದ ಬಿಂದಿಗೆ, ಚೀಲ, ಪೊರಕೆ ಎಲ್ಲವನ್ನೂ ಕಿತ್ತುಕೊಳ್ಳುತ್ತೇವೆ. ಜ್ವರ ಬಂದರಂತೂ ವಾರಗಟ್ಟಲೆ ಹಾಸಿಗೆ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿಸಿ, ಮೊದಲೂ ಕೊನೆಗೂ ತೊಡೆಯ ತುಣುಕು ತೆಗೆದು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. ಸ್ನಾಯು ತನ್ನನ್ನು ತಾನು ಕಟ್ಟಿಕೊಳ್ಳುವ ವೇಗ ಶೇ 30ರಷ್ಟು ತಗ್ಗಿತ್ತು. ಕೇವಲ ಹತ್ತು ದಿನ, ಅದೂ ರೋಗವಿಲ್ಲದವರಲ್ಲಿ.

ಇದಿಷ್ಟನ್ನೂ ಓದಿದ ಮೇಲೆ ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಸ್ವೀಡನ್ನಿನ, ಬಾಸ್ಟನ್ನಿನ ತೊಡೆಗಳು ಹೇಳಿದ್ದನ್ನು ಬಿನ್ನಿಪೇಟೆಯ ತೊಡೆಗೂ ಹಾಗೆಯೇ ಅನ್ವಯಿಸಬಹುದೇ? ಕಾಯಕಷ್ಟ ಮಾಡಿದವರ ಮೈ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅರೆಹೊಟ್ಟೆಯ ದುಡಿಮೆ ಬೇರೆ, ಹೊಟ್ಟೆ ತುಂಬ ಉಂಡು ಮಾಡುವ ವ್ಯಾಯಾಮ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ದೀರ್ಘಕಾಲದ ಅಪೌಷ್ಟಿಕತೆ ವಯಸ್ಕರ ಸ್ನಾಯುಬಲದ ಮೇಲೆ ಬೀರುವ ಪರಿಣಾಮವನ್ನು 1990ರ ದಶಕದಲ್ಲೇ ಕೈಹಿಡಿತದ ಮೂಲಕ ಅಳೆದಿದ್ದರು. ನಷ್ಟದ ಬೇರು ಇನ್ನೂ ಹಿಂದಕ್ಕೆ, ತಾಯಿಯ ಗರ್ಭದವರೆಗೆ ಹೋಗುವ ಸಾಧ್ಯತೆಯೂ ಇದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಎಂಬ ಕೌಂಟಿಯಲ್ಲಿ 1911ರಿಂದಲೇ ಹುಟ್ಟಿದ ಕೂಸುಗಳ ತೂಕ ಬರೆದಿಡಲಾಗಿತ್ತು. ಆ ದಾಖಲೆ ಹಿಡಿದು, ಎಪ್ಪತ್ತರ ಆಸುಪಾಸಿನ ನೂರರಷ್ಟು ಗಂಡಸರನ್ನು ಪತ್ತೆಹಚ್ಚಿ, ಅವರ ತೊಡೆಯಿಂದ ತುಣುಕು ತೆಗೆದು ನೋಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರ ಸ್ನಾಯುವಿನಲ್ಲಿ ಎಳೆಗಳೇ ಕಡಿಮೆ ಇದ್ದವು. 2012ರಲ್ಲಿ ಪ್ರಕಟವಾದ ಈ ಸಂಗತಿ ನಮ್ಮಂಥ ನಾಡಿಗೆ ದೊಡ್ಡ ಸುದ್ದಿಯಾಗಬೇಕಿತ್ತು. ಕಡಿಮೆ ತೂಕದ ಕೂಸು ಇಲ್ಲಿ ಅಪವಾದವಲ್ಲ. ಕಡಿಮೆ ಬಂಡವಾಳದಿಂದ ಬದುಕು ಆರಂಭಿಸಿದವನು ಖರ್ಚಿನ ವಯಸ್ಸಿಗೆ ಬಂದಾಗ ಬೇಗ ದಿವಾಳಿಯಾಗುತ್ತಾನೆ ಎಂಬುದಕ್ಕೆ ಅರ್ಥಶಾಸ್ತ್ರ ಬೇಕಿಲ್ಲ.

ಹರ್ಟ್‌ಫರ್ಡ್‌ಶೈರ್‌ನಂಥ ದಾಖಲೆ ನಮ್ಮಲ್ಲಿ ಎಲ್ಲಿಂದ ಬರಬೇಕು ಎನ್ನುವಿರಾ? ಅದು ಮೈಸೂರಿನಲ್ಲಿದೆ. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ಕೂಸುಗಳನ್ನು ದೊಡ್ಡವರಾದ ಮೇಲೆ ಮನೆಮನೆ ಹುಡುಕಿ ಪತ್ತೆಹಚ್ಚಿ, ಹುಟ್ಟಿನ ತೂಕಕ್ಕೂ ಹೃದ್ರೋಗಕ್ಕೂ ಇರುವ ನಂಟನ್ನು 1996ರಲ್ಲೇ ಜಗತ್ತಿಗೆ ತಿಳಿಸಿದ ಸಾಧನೆ ಅಲ್ಲಿನ ಸಂಶೋಧಕರದು. ಸ್ನಾಯುವಿನ ತುಣುಕನ್ನು ಓದುವ ಪರಿಣತಿ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಕ್ಕಳ, ಯುವಕರ ಸ್ನಾಯುರೋಗಗಳನ್ನು ಗುರುತಿಸಲು ಅಲ್ಲಿ ದಶಕಗಳಿಂದ ಬಯಾಪ್ಸಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ ‘ಲಾಂಜೆವಿಟಿ ಇಂಡಿಯಾ’ ಎಂಬ ಹೆಸರಿನಲ್ಲಿ ಮುಪ್ಪಿನ ಸಂಶೋಧನೆಗೆ ಕೈಹಾಕಿದೆ. ದಾಖಲೆ ಒಂದೆಡೆ, ಪರಿಣತಿ ಒಂದೆಡೆ, ಉತ್ಸಾಹ ಇನ್ನೊಂದೆಡೆ. ಇವು ಮೂರೂ ಒಂದೇ ಮೇಜಿನ ಸುತ್ತ ಕುಳಿತರೆ ನಮ್ಮ ವೃದ್ಧರ ಸ್ನಾಯುವಿನ ಬಗ್ಗೆ ನಮ್ಮದೇ ಜ್ಞಾನ ಹುಟ್ಟೀತು.

ಆಗ ಏಳುವ ನೈತಿಕ ಪ್ರಶ್ನೆ ಸಣ್ಣದಲ್ಲ. ಯಾರ ತೊಡೆ? ಕರಪತ್ರ ಓದಿ, ವಿಜ್ಞಾನದ ಮೇಲಿನ ಅಭಿಮಾನದಿಂದ ಮುಂದೆ ಬರುವವರು ಬಸವೇಶ್ವರನಗರದ ನಿವೃತ್ತ ಅಧಿಕಾರಿಗಳು, ಅದೂ ಗಟ್ಟಿಮುಟ್ಟಾದವರು. ಬಸ್ ಹತ್ತಲಾಗದವನು ಸಂಶೋಧನಾಲಯಕ್ಕೂ ಬರಲಾರ. ಬಯಾಪ್ಸಿ ಅಧ್ಯಯನಗಳಿಗೆ ಎಲ್ಲೆಡೆಯೂ ಅಂಟಿಕೊಂಡಿರುವ ದೋಷ ಇದು: ನಿಶ್ಶಕ್ತಿಯನ್ನು ಅರಿಯಲು ಹೊರಟು ಶಕ್ತರನ್ನೇ ಪರೀಕ್ಷಿಸುವುದು. ಹೆಂಗಸರ ಕಥೆ ಇನ್ನೂ ವಿಚಿತ್ರ. ಲೆಕ್ಸೆಲ್ ನೋಡಿದ್ದು ಗಂಡಸರನ್ನು, ಹರ್ಟ್‌ಫರ್ಡ್‌ಶೈರ್‌ನ ಮೊದಲ ಅಧ್ಯಯನವೂ ಗಂಡಸರದೇ. ಹೆರಿಗೆ, ಮನೆಗೆಲಸ, ಜೊತೆಗೆ ಹೊರಗಿನ ಕೂಲಿ ಎಲ್ಲವನ್ನೂ ಒಂದೇ ಮೈಯಲ್ಲಿ ನಿಭಾಯಿಸಿದ ಹೆಣ್ಣಿನ ಸ್ನಾಯು ಗಂಡಿನದಕ್ಕಿಂತ ಬೇರೆ ಕಥೆ ಹೇಳಬಹುದಲ್ಲವೇ?

ಹಾಗೆಂದು ಸೂಜಿ ಹಿಡಿದು ಬಡವರ ಓಣಿಗೆ ಹೋಗುವುದನ್ನು ನಾನು ಸಮರ್ಥಿಸಲಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ, ದುರ್ಬಲ ಸ್ಥಿತಿಯಲ್ಲಿರುವವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವಾಗ ವಿಶೇಷ ಎಚ್ಚರ ವಹಿಸಬೇಕೆಂದೂ, ಹಾನಿಯಾದರೆ ಪರಿಹಾರ ಕೊಡಬೇಕೆಂದೂ ವಿಧಿಸಿದೆ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆಯಾಗುವುದಿಲ್ಲ. ಈ ಪರೀಕ್ಷೆಯಿಂದ ನಿಮ್ಮ ಕಾಲಿಗೆ ನೇರ ಲಾಭವಿಲ್ಲ, ಒಂದೆರಡು ದಿನ ನೋವಿರುತ್ತದೆ, ಬೇಡವೆಂದರೆ ನಿಮ್ಮ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂದು ಕನ್ನಡದಲ್ಲಿ, ಪಕ್ಕದಲ್ಲಿ ಕುಳಿತು ಹೇಳುವ ತಾಳ್ಮೆ ಬೇಕು. ಫಲಿತಾಂಶವನ್ನೂ ಅದೇ ಓಣಿಗೆ ಹಿಂತಿರುಗಿ ಬಂದು ತಿಳಿಸಬೇಕು. ಮಾಂಸ ಕೊಟ್ಟ ಓಣಿಗೆ ವ್ಯಾಯಾಮ ಕಲಿಸುವ ಒಬ್ಬ ಫಿಸಿಯೋಥೆರಪಿಸ್ಟನನ್ನೂ ಕಳುಹಿಸಲಾಗದ ಸಂಶೋಧನೆಗೆ ಅಲ್ಲಿ ಕಾಲಿಡುವ ಹಕ್ಕಿಲ್ಲ.

ಇಷ್ಟಾಗಿಯೂ ಬಯಾಪ್ಸಿ ಬೇಕಿರುವುದು ಸಂಶೋಧನೆಗೆ, ಚಿಕಿತ್ಸೆಗೆ ಅಲ್ಲ. ರೋಗವನ್ನು ಗುರುತಿಸಲು ಒಂದು ಕುರ್ಚಿ, ಒಂದು ಗಡಿಯಾರ, ಕೈಹಿಡಿತ ಅಳೆಯುವ ಒಂದು ಪುಟ್ಟ ಉಪಕರಣ ಸಾಕು. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ, ಹಿಡಿತ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ ಎಚ್ಚರ ವಹಿಸಬೇಕೆಂದು ಏಷ್ಯಾದ ತಜ್ಞರ ಕಾರ್ಯಪಡೆ 2019ರಲ್ಲಿ ಸೂಚಿಸಿತು. ದಕ್ಷಿಣ ಏಷ್ಯಾದ ತಜ್ಞರು 2022ರಲ್ಲಿ ನಮ್ಮ ಜನಕ್ಕೆಂದು ಪ್ರತ್ಯೇಕ ಒಮ್ಮತದ ದಾಖಲೆಯನ್ನೂ ಹೊರತಂದಿದ್ದಾರೆ. ಇಂಥ ಅಳತೆ ನಮ್ಮಲ್ಲಿ ಅಸಾಧ್ಯವೂ ಅಲ್ಲ. 2017–18ರಲ್ಲಿ ನಡೆದ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆಯಲ್ಲಿ 45 ದಾಟಿದ 72 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಂಪರ್ಕಿಸಿದಾಗ ಕೈಹಿಡಿತವನ್ನೂ ಅಳೆಯಲಾಗಿತ್ತು. ಸಮೀಕ್ಷೆಗೆ ಸಾಧ್ಯವಾದದ್ದು ಚಿಕಿತ್ಸಾಲಯಕ್ಕೆ ಏಕಾಗದು? ರಾಜ್ಯದಲ್ಲಿ 2022ರ ಡಿಸೆಂಬರ್‌ನಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ಗಳಲ್ಲಿ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲೇ ಕೈಗಳಿಲ್ಲದ ಒಂದು ಕುರ್ಚಿ ಇಡಲು ಸಚಿವ ಸಂಪುಟದ ಅನುಮೋದನೆ ಬೇಕಿಲ್ಲ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಶೇ 9.5ರ ಆಸುಪಾಸಿನಲ್ಲಿದ್ದರು, ಆ ಪ್ರಮಾಣ ಅಲ್ಲಿಂದೀಚೆಗೆ ಏರುತ್ತಲೇ ಬಂದಿದೆ.

ಅನ್ನದ ತಟ್ಟೆಯ ಮಾತನ್ನು ಬಿಡಲಾಗದು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಎಂಬುದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು. ಮುದಿ ಸ್ನಾಯು ಆಹಾರಕ್ಕೆ ಮಂದವಾಗಿ ಸ್ಪಂದಿಸುತ್ತದೆ ಎಂಬುದು ಬಯಾಪ್ಸಿಗಳಿಂದಲೇ ತಿಳಿದ ಮೇಲೆ, ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರು 2013ರಲ್ಲಿ ಹೇಳಿದರು. 55 ಕಿಲೋ ತೂಗುವ ಹಿರಿಯರಿಗೆ ಅದು 55ರಿಂದ 66 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಿ ಇಪ್ಪತ್ತೆರಡರಷ್ಟು. ಕಾರ್ಮಿಕರ ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಪಡಿಸಿದವರು ಈ ಲೆಕ್ಕ ಹಾಕಿರಲಾರರು. ರಾತ್ರಿ ಅನ್ನ–ಮಜ್ಜಿಗೆ ಉಂಡು ಮಲಗುವುದು ಅನೇಕರಿಗೆ ಅಭಿರುಚಿಯಲ್ಲ, ಅನಿವಾರ್ಯ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ ಮುಂತಾದವುಗಳ ‘ಇಂದಿರಾ ಕಿಟ್’ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಅದರ ಹಿಂದಿನ ರಾಜಕೀಯ ಏನೇ ಇರಲಿ, ಮುದಿ ಸ್ನಾಯುವಿನ ದೃಷ್ಟಿಯಿಂದ ಐದು ಕಿಲೋ ಅಕ್ಕಿಗಿಂತ ಎರಡು ಕಿಲೋ ಬೇಳೆ ಮೇಲು.

ಇವುಗಳಲ್ಲಿ ಕುರ್ಚಿ ಮತ್ತು ಬೇಳೆಯ ಕೆಲಸ ಇಂದಲ್ಲದಿದ್ದರೆ ನಾಳೆಯಾದರೂ ಆದೀತು. ತುಣುಕಿನ ಕೆಲಸಕ್ಕೆ ಅಷ್ಟು ಕಾಲಾವಕಾಶವಿಲ್ಲ. ಮೈಸೂರಿನ ಆ ಆಸ್ಪತ್ರೆಯಲ್ಲಿ 1934ರಲ್ಲಿ ತೂಗಿಸಿಕೊಂಡ ಕೂಸು ಈಗ ತೊಂಬತ್ತು ದಾಟಿದೆ. ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.